ಫಿರಂಗಿಗೆ ಎಣ್ಣೆ ಹಾಕುವ ಜುಂಜಣ್ಣ

ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಲೇತ್ ಅಂಗಡಿ ಇದೆ. ನನ್ನ ಹೆಸರು ಓಬಯ್ಯ. ಈ ಓಬಯ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕಾದರೆ ಎರಡು ಮಳೆಗಾಲ ಕಳೆಯಬೇಕು ಎಂದು ಚಿತ್ರದುರ್ಗದ ಮೆಕ್ಯಾನಿಕ್ಕುಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸ್ಪ್ಯಾನರ್ ಹಿಡಿಯಲು ಬಾರದೆ ನಟ್ಟಿನ ಮೂಲೆ ಸವೆಸಿಕೊಂಡು ಬಂದವನಿಗೆ ಶಹಭಾಸ್ ಎನ್ನುವುದು ನನ್ನಿಂದಾಗದ ಕೆಲಸ. ನಾನು ಮನಸಾರೆ ಮೆಚ್ಚಿದ ಕೆಲಸಗಾರರು ಕೆಲವೇ ಮಂದಿ. ಅವರಲ್ಲಿ ಮೊದಲನೆಯವನು ಮಾರಿಕಣಿವೆಯ ಜುಂಜಣ್ಣ.

ಜುಂಜಣ್ಣ ಕುರಿ ಕಾಯುವ ಮನೆತನದವನು. ಕಣಿವೆಯಿಂದ ಹೊಸದುರ್ಗದ ಕಡೆ ಹೋಗುವ ಹಾದಿಯ ಪಕ್ಕ, ಮುಳ್ಳುಬೇಲಿಯೊಳಗೆ ಅವರ ಹಟ್ಟಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಂಬಳಿ ಮಾರಿಕೊಂಡು ಬಾ ಎಂದು ಅಪ್ಪ ಅವನನ್ನು ಚಿಕ್ಕಜಾಜೂರಿಗೆ ಕಳಿಸಿದರೆ, ಆಸಾಮಿ ಅಲ್ಲಿಂದಲೇ ರೈಲು ಹತ್ತಿ ಹೋಗಿ ಮಿಲಿಟರಿ ಸೇರಿಬಿಟ್ಟ. ಮೊದಲ ರಜೆಗೆ ಬಂದಾಗ ಅಪ್ಪ ಕೇಳಿದ ಮೊದಲ ಮಾತು ಕಂಬಳಿ ಏನಾದವು ಎಂಬುದಂತೆ. ಮೊದಲು ಕೆಲಸಕ್ಕೆ ಹಾಕಿದ್ದ ಬರೇಲಿಯ ಚಳಿಗೆ ತಾನೇ ಹೊದ್ದು ಹರಿದುಹಾಕಿದ್ದೆ ಎಂದು ಜುಂಜಣ್ಣ ನಗುತ್ತ ಹೇಳುತ್ತಿದ್ದ.

ಸೈನ್ಯದಲ್ಲಿ ಅವನು ಒಂದು ಗುಂಡನ್ನೂ ಹಾರಿಸಲಿಲ್ಲ. ಫಿರಂಗಿ ದುರಸ್ತಿ ಮಾಡುವ ಫಿಟ್ಟರ್ ಆಗಿದ್ದ. ಅದರಲ್ಲೂ ಫಿರಂಗಿಯ ಹಿಂದೊದೆತವನ್ನು ತಡೆಯುವ ಭಾಗವೇ ಅವನ ಪಾಲಿನ ಕೆಲಸ. ನಿವೃತ್ತಿಯಾದ ಮೇಲೆ ಊರಿಗೆ ಬಂದು, ಮಾರಿಕಣಿವೆಯ ಕಾಲುವೆ ತೂಬುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ತೂಬಿನ ಬಾಗಿಲೆತ್ತುವ ಸ್ಕ್ರೂ ರಾಡು ಸವೆದಾಗೆಲ್ಲ ಹೆಗಲ ಮೇಲೆ ಹೊತ್ತು ಹಿರಿಯೂರು ಬಸ್ಸಿನಲ್ಲಿ ನನ್ನ ಅಂಗಡಿಗೆ ಬರುತ್ತಿದ್ದ. ಬಂದವನು ಮೊದಲು ಕೈ ತೊಳೆಯುತ್ತಿದ್ದ. ಗ್ರೀಸ್ ಕೈಯನ್ನು ಕೆಲಸ ಮುಗಿದ ಮೇಲೆ ಎಲ್ಲರೂ ತೊಳೆಯುತ್ತಾರೆ. ಕೆಲಸಕ್ಕೆ ಮುಂಚೆ ತೊಳೆಯುವವನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಕೈಯಲ್ಲಿರುವ ಒಂದು ಮರಳಿನ ಕಾಳು ಎಣ್ಣೆಗೆ ಬಿದ್ದರೆ ಇಡೀ ಫಿರಂಗಿ ಕೆಡುತ್ತದೆ ಎಂದು ಕಲಿತವನಿಗೆ ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ.

ಒಂದು ದಿನ ಟೀ ಕುಡಿಯುತ್ತ, ಆ ಎಣ್ಣೆಯ ಗುಟ್ಟೇನು ಎಂದು ಕೇಳಿದೆ.

“ಕೋಟೆ ಮ್ಯಾಲೆ ಇಟ್ಟು ಹೊಡೀತಿದ್ದ ಹಳೇ ಕಾಲದ ಫಿರಂಗಿ ಅವೆಯಲ್ಲ, ಅವು ಒಂದು ಗುಂಡು ಉಗುಳಿದ್ರೆ ಗಾಡಿ ಸಮೇತ ಹಿಂದಕ್ಕೆ ಹಾರ್ತಿದ್ವು. ಹಿಂದೆ ನಿಂತೋನ ಕತೆ ಮುಗೀತು. ಮತ್ತೆ ತಳ್ಕಂಡು ಬರಬೇಕು, ಮತ್ತೆ ಗುರಿ ಹಿಡೀಬೇಕು. ನಮ್ಮವು ಹಂಗಲ್ಲ ಓಬಯ್ಯ. ಗಾಡಿ ಕುಂತಲ್ಲೇ ಕುಂತಿರ್ತೈತೆ. ನಳಿಗೆ ಒಂದೇ ಹಿಂದಕ್ಕೆ ಹೋಗಿ, ತಾನೇ ವಾಪಸ್ ಬಂದು ಕುಂತ್ಕಂತೈತೆ” ಎಂದ.

ನಳಿಗೆ ಗಾಡಿಗೆ ಬಿಗಿದಿರುವುದಿಲ್ಲವಂತೆ. ಉದ್ದನೆಯ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ನಳಿಗೆಯ ಜೊತೆಗೆ ಒಂದು ಎಣ್ಣೆಯ ಕೊಳವೆ ಇರುತ್ತದೆ. ಕೊಳವೆಯೊಳಗೆ ಒಂದು ಪಿಸ್ಟನ್, ಪಿಸ್ಟನ್ನಿಗೆ ಒಂದು ರಾಡು. ರಾಡಿನ ತುದಿ ಮಾತ್ರ ಮುಂಭಾಗದಲ್ಲಿ ಚೌಕಟ್ಟಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಗುಂಡು ಹಾರಿದ ಪೆಟ್ಟಿಗೆ ನಳಿಗೆ ಕೊಳವೆಯನ್ನೂ ಎಳೆದುಕೊಂಡು ಹಿಂದಕ್ಕೆ ನುಗ್ಗುತ್ತದೆ. ಪಿಸ್ಟನ್ ಕದಲುವುದಿಲ್ಲ. ಆಗ ಪಿಸ್ಟನ್ನಿನ ಒಂದು ಕಡೆಯ ಎಣ್ಣೆ ಇನ್ನೊಂದು ಕಡೆಗೆ ದಾಟಲೇಬೇಕು, ದಾಟಲು ಇರುವುದು ಕಿರಿದಾದ ಸಂದು ಮಾತ್ರ. ನಳಿಗೆಗೆ ಎಷ್ಟೇ ಅವಸರವಿದ್ದರೂ ಎಣ್ಣೆ ನುಸುಳುವುದು ತನ್ನ ಪಾಡಿಗೆ ತಾನು. ಸಂದು ಬರಬರುತ್ತ ಇನ್ನೂ ಕಿರಿದಾಗುತ್ತದೆ, ಆದ್ದರಿಂದ ನಳಿಗೆ ಧಡಕ್ಕನೆ ನಿಲ್ಲದೆ ಮೆಲ್ಲಗೆ ನಿಲ್ಲುತ್ತದೆ. ಪೆಟ್ಟಿನ ಜೋರೆಲ್ಲ ಎಣ್ಣೆಯ ಬಿಸಿಯಾಗಿ ಕಳೆದುಹೋಗುತ್ತದೆ. ಅಷ್ಟು ಹೊತ್ತಿಗೆ ಕೊಳವೆಯ ಸುತ್ತ ಇರುವ ದಪ್ಪ ಸ್ಪ್ರಿಂಗುಗಳು ಅಮುಕಿಕೊಂಡಿರುತ್ತವೆ. ಅವು ನಳಿಗೆಯನ್ನು ಮತ್ತೆ ಮುಂದಕ್ಕೆ ತಳ್ಳಿ ಮೊದಲಿದ್ದ ಜಾಗದಲ್ಲೇ ಕೂರಿಸುತ್ತವೆ. ಆಮೇಲಿನ ಕಾಲದ ಫಿರಂಗಿಗಳಲ್ಲಿ ಸ್ಪ್ರಿಂಗಿನ ಬದಲು ಅಮುಕಿದ ಗಾಳಿ ಬಂತು, ಎಣ್ಣೆ ಮಾತ್ರ ಹಾಗೇ ಉಳಿಯಿತು. ಇದನ್ನು ಮೊದಲು ಯೋಚಿಸಿದ ಪುಣ್ಯಾತ್ಮ ಯಾರೋ, ಸಿಕ್ಕರೆ ಕಾಲಿಗೆ ಬೀಳಬೇಕು ಎಂದು ನನಗೆ ಅನ್ನಿಸಿತು.

ಆದರೆ ಜುಂಜಣ್ಣ ಇದನ್ನು ಹೇಳಬೇಕೆಂದು ಆಸೆಪಟ್ಟದ್ದು ನನಗಲ್ಲ, ತನ್ನ ಹೆಂಡತಿ ಪಾಲಮ್ಮನಿಗೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅರವತ್ತೈದರ ಯುದ್ಧದ ಸಮಯದಲ್ಲಿ ಹಟ್ಟಿಯಲ್ಲಿ ಅವರ ಮಗು ಚಿತ್ತಮ್ಮ ಜ್ವರ ಬಂದು ತೀರಿಕೊಂಡಿತು. ಇನ್ನೂ ಹೊಸ್ತಿಲು ದಾಟಲು ಕಲಿಯುತ್ತಿದ್ದ ಕೂಸು. ತಂತಿ ಹೋಯಿತು, ಜುಂಜಣ್ಣ ಬರಲಿಲ್ಲ. ಮಣ್ಣು ಮಾಡಿ ಎಷ್ಟೋ ದಿನದ ಮೇಲೆ ಬಂದ. ಆಗ ಪಾಲಮ್ಮ, ನನ್ನ ಕೂಸು ಸಾಯುವಾಗ ನೀನು ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಸುಳ್ಳು ಹೇಳಲು ಬಾರದ ಈ ಮನುಷ್ಯ, “ಫಿರಂಗಿ ಎಣ್ಣೆ ನೋಡ್ತಿದ್ದೆ” ಎಂದುಬಿಟ್ಟ.

ಹಟ್ಟಿಯ ಬಾಯಿಗೆ ಅಷ್ಟು ಸಾಕಾಯಿತು. ಊರಿನ ಮಕ್ಕಳೆಲ್ಲ ಗಡಿ ಕಾದರೆ ಇವನು ಗಾಡಿಯ ಕೀಲಿಗೆ ಹಚ್ಚುವಂತೆ ಎಣ್ಣೆ ಹಚ್ಚುತ್ತ ಕೂತಿದ್ದನಂತೆ ಎಂದು ಗೇಲಿ ಹುಟ್ಟಿತು. ಎಣ್ಣೆ ಜುಂಜಣ್ಣ ಎಂಬ ಹೆಸರೂ ಬಂತು. ಪಾಲಮ್ಮ ಗೇಲಿ ಮಾಡಲಿಲ್ಲ. ಮುದ್ದೆ ಬಡಿಸಿದಳು, ಬಟ್ಟೆ ಒಗೆದಳು, ಕುರಿಯ ವಿಷಯ ಮಾತಾಡಿದಳು, ಜಗಳವನ್ನೂ ಆಡಿದಳು. ಫಿರಂಗಿ ಎಂಬ ಮಾತು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು.

“ಆಕೆ ನನ್ನ ತಪ್ಪು ಮನ್ನಿಸ್ಲಿ ಅಂತಲ್ಲ ಓಬಯ್ಯ” ಎಂದು ಅವನು ಒಮ್ಮೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದ. “ನಾನು ಮಾಡ್ತಿದ್ದ ಕೆಲಸ ಏನು ಅಂತ ಒಂದೇ ಒಂದು ಸಾರಿ ಕಣ್ಣಲ್ಲಿ ನೋಡ್ಲಿ. ಆಮ್ಯಾಲೆ ಬೈಲಿ ಬೇಕಾದ್ರೆ.”  ಟೀ ತರುವ ನೆಪದಲ್ಲಿ ಎದ್ದುಹೋದೆ.

ಎಪ್ಪತ್ತೆರಡರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ ಬಂತು. ನಮ್ಮೂರ ಮಾಜಿ ಸೈನಿಕರ ಸಂಘದವರು ಎಲ್ಲೆಲ್ಲೋ ಓಡಾಡಿ, ಮೊದಲ ಮಹಾಯುದ್ಧದ ಕಾಲದ ಒಂದು ಫಿರಂಗಿಯನ್ನು ತಂದು ತಮ್ಮ ಕಟ್ಟಡದ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಗುಂಡು ಹಾಕುವ ಬಾಗಿಲಿಗೆ ಬೆಸುಗೆ ಹಾಕಿದ್ದರು, ಹಾರಿಸುವ ಪ್ರಶ್ನೆಯೇ ಇರಲಿಲ್ಲ. ನಳಿಗೆ ಹಿಂದೆ ಮುಂದೆ ಜಾರುವುದನ್ನಾದರೂ ಹಬ್ಬದ ದಿನ ಜನಕ್ಕೆ ತೋರಿಸೋಣ ಎಂದು ಸಂಘದ ಕಾರ್ಯದರ್ಶಿ ಶಿವಕುಮಾರಪ್ಪನವರಿಗೆ ಆಸೆ. ಜುಂಜಣ್ಣನನ್ನು ಕರೆಸಿದರು. ಅವನು ವಾರದ ರಜೆಗಳನ್ನೆಲ್ಲ ಅದಕ್ಕೆ ಸುರಿದ. ತುಕ್ಕು ಉಜ್ಜಿದ, ಒಳಗೆ ಗೂಡು ಕಟ್ಟಿದ್ದ ಕಣಜಗಳನ್ನು ಓಡಿಸಿದ, ಹಳೆಯ ಎಣ್ಣೆ ಬಸಿದು ಹೊಸದನ್ನು ತುಂಬಿದ. ನಾನು ಎರಡು ಟನ್ನಿನ ಚೈನ್ ಪುಲ್ಲಿ ಕೊಟ್ಟು, ಜೊತೆಗೆ ನನ್ನ ಬೈಗುಳವನ್ನೂ ಕೊಟ್ಟು ಸಹಾಯ ಮಾಡಿದೆ.

ಹಬ್ಬಕ್ಕೆ ಮುಂಚಿನ ದಿನ ಕೊನೆಯ ಪರೀಕ್ಷೆ. ಅಂದು ಪಾಲಮ್ಮನೂ ಅವನ ಜೊತೆ ಬಂದಿದ್ದಳು. ಫಿರಂಗಿ ನೋಡಲು ಬಂದಿರಲಿಲ್ಲ. ಪೇಟೆಯ ಅಂಗಡಿಗೆ ಕಂಬಳಿ ಕೊಡಲು ಬಂದಿದ್ದಳು. ಕೊಟ್ಟು ಬಂದು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬೇವಿನ ಬುಡದಲ್ಲಿ ಫಿರಂಗಿಗೆ ಬೆನ್ನು ಮಾಡಿ ಕೂತಳು. ಅಷ್ಟಕ್ಕೇ ಜುಂಜಣ್ಣ ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸತೊಡಗಿದ. ಇಂದು ನೋಡಿದರೆ ನೋಡಿದಳು, ಇಲ್ಲದಿದ್ದರೆ ಇನ್ನೆಂದೂ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪುಲ್ಲಿಯ ಒಂದು ಕೊಕ್ಕೆಯನ್ನು ನಳಿಗೆಗೂ ಇನ್ನೊಂದನ್ನು ಫಿರಂಗಿಯ ಹಿಂದೆ ನೆಲಕ್ಕೂರಿದ ಬಾಲಕ್ಕೂ ಸಿಕ್ಕಿಸಿ, ಸರಪಣಿ ಜಗ್ಗಿ ನಳಿಗೆಯನ್ನು ಹಿಂದಕ್ಕೆ ಎಳೆದೆವು. ಸ್ಪ್ರಿಂಗುಗಳು ನರಳುತ್ತ ಅಮುಕಿಕೊಂಡವು. ಆಗ ಜುಂಜಣ್ಣ ಎಣ್ಣೆ ಕೊಳವೆಯ ಹಿಂತುದಿಯಲ್ಲಿ, ಎಣ್ಣೆ ತುಂಬುವ ತೂತಿಗೆ ಹಾಕಿದ್ದ ಬಿರಡೆ ಜಿನುಗುವುದನ್ನು ಕಂಡ. ವಾಷರ್ ಸತ್ತಿತ್ತು. ನಳಿಗೆ ಹಿಂದಿದ್ದಂತೆಯೇ ಸರಪಣಿ ಕಟ್ಟಿ, ಬಿರಡೆ ಬಿಚ್ಚಿಕೊಂಡು, ಹೊಸ ತಾಮ್ರದ ವಾಷರ್ ಕತ್ತರಿಸಿ ತರೋಣ ಎಂದ. ನನ್ನ ಅಂಗಡಿ ಹತ್ತಿರವೇ ಇತ್ತು.

“ಪಾಲಮ್ಮ, ಇದನ್ನ ಯಾರೂ ಮುಟ್ಟದಂಗೆ ಒಂದೀಟು ನೋಡ್ಕ. ಧೂಳು ಬೀಳಬಾರ್ದು” ಎಂದು ಹೇಳಿ ಅವನು ನನ್ನ ಜೊತೆ ಹೊರಟ. 

ನಾವು ವಾಷರ್ ಹಿಡಿದು ಬರುವಷ್ಟರಲ್ಲಿ ಪಿಂಚಣಿದಾರರು ಹತ್ತಾರು ಜನ ಸೇರಿದ್ದರು. ಎಲ್ಲರೂ ಒಂದೊಂದು ಸಲಹೆ ಇಟ್ಟುಕೊಂಡೇ ಬಂದಿದ್ದರು. ಆ ಗದ್ದಲದಲ್ಲಿ ಜುಂಜಣ್ಣ ವಾಷರ್ ಕೂರಿಸಿ ಬಿರಡೆ ಬಿಗಿದ. ಎಣ್ಣೆ ಸ್ವಲ್ಪ ಚೆಲ್ಲಿತು, ಒರೆಸಿ ಸುಮ್ಮನಾದ. ಹೆಂಡತಿಯ ಕಡೆ ಒಮ್ಮೆ ನೋಡಿದ. ಅವಳು ಈಗ ಬೆನ್ನು ಮಾಡಿರಲಿಲ್ಲ, ಎದ್ದು ನಿಂತಿದ್ದಳು.

“ಬಿಡು” ಎಂದ. ನಾನು ಸರಪಣಿ ಸಡಿಲಿಸಿದೆ.

ನಳಿಗೆ ಒಂದು ಬೆರಳಿನಷ್ಟು ಮುಂದೆ ಸರಿದು ನಿಂತುಬಿಟ್ಟಿತು. ಸರಪಣಿ ಜೋತುಬಿತ್ತು. ನಾನು ಇನ್ನಷ್ಟು ಬಿಟ್ಟೆ, ನಳಿಗೆ ಮಿಸುಕಲಿಲ್ಲ. ಯಾರೋ ಹಿಂದಿನಿಂದ, ಎಣ್ಣೆ ಜುಂಜಣ್ಣನ ಎಣ್ಣೆ ಗಟ್ಟಿಯಾಯಿತು ಎಂದರು. ನಗು ಎದ್ದಿತು. ನನಗಂತೂ ನಕ್ಕವರ ಹಲ್ಲು ಉದುರಿಸಬೇಕೆನಿಸಿತು.

ಕಾಲಾಳು ಪಡೆಯಲ್ಲಿ ನಾಯಕ್ ಹುದ್ದೆಯಲ್ಲಿದ್ದ ಹನುಮಂತಪ್ಪ ಒಳ್ಳೆಯ ಮನುಷ್ಯ, ಆದರೆ ಕೈ ಮುಂದು. “ಒಳಗೆ ಗಾಳಿ ಸಿಕ್ಕಾಕ್ಕೊಂಡಿರ್ಬೇಕು, ಬಿರಡೆ ತೆಗ್ದು ಬಿಡಾಣ” ಎನ್ನುತ್ತ ಸ್ಪ್ಯಾನರ್ ಹಿಡಿದು ಬಗ್ಗಿದ. ಪಾಲಮ್ಮ ನಿಂತಿದ್ದುದು ಆ ಬಿರಡೆಯ ಎದುರಿಗೇ.

ಜುಂಜಣ್ಣ ಹಾರಿ ಹೋಗಿ ಹನುಮಂತಪ್ಪನ ಮುಂಗೈ ಹಿಡಿದ. “ಮುಟ್ಟಬ್ಯಾಡ್ರಿ. ಸ್ಪ್ರಿಂಗಿನ ಜೋರೆಲ್ಲ ಈಗ ಎಣ್ಣೆ ಮ್ಯಾಲೆ ಕುಂತೈತೆ. ಬಿರಡೆ ಸಡ್ಲ ಮಾಡಿದ್ರೆ ಅದು ಎದುರಿಗಿದ್ದೋರ ಮುಖಕ್ಕೆ ಬರ್ತೈತೆ, ನಳಿಗೆ ಮುಂದಿದ್ದೋರ ಮ್ಯಾಲೆ ಹೋಗ್ತೈತೆ. ಎಲ್ಲಾ ದೂರ ಸರೀರಿ” ಎಂದ. ದನಿ ಎತ್ತರಿಸಲಿಲ್ಲ. ಆದರೂ ಹನುಮಂತಪ್ಪನಂಥವನು ಎರಡು ಮಾರು ಹಿಂದೆ ಹೋಗಿ ನಿಂತ.

ಜುಂಜಣ್ಣ ಎಣ್ಣೆಯ ಡಬ್ಬಿ ಎತ್ತಿ ನೋಡಿದ. ಅದು ಹಗುರವಾಗಿತ್ತು. ಅವನಿಗೆ ಆಗಲೇ ತಿಳಿಯಿತು ಎಂದು ನಾನು ಬಲ್ಲೆ. ಆದರೆ ಅವನು ಯಾರ ಹೆಸರನ್ನೂ ಎತ್ತದೆ ಡಬ್ಬಿಯನ್ನು ಕೆಳಗಿಟ್ಟ.

“ನಾನು ತುಂಬ್ಸಿದೆ” ಎಂದಳು ಪಾಲಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸೆರಗು ಬಿಗಿದುಕೊಂಡು ಹೇಳಿದಳು: “ನೀವಿಬ್ರೂ ಹೋದ ಮ್ಯಾಲೆ ಬಗ್ಗಿ ನೋಡ್ದೆ. ಒಳಗೆ ಒಂದು ಗೇಣು ಬರಿದಾಗಿತ್ತು. ನಮ್ಮ ಹಟ್ಟೀಲಿ ದೇವರ ಮೀಸಲು ಹಾಲಿನ ಗಡಿಗೆ ಕಂಠಮಟ ತುಂಬ್ದೆ ಬಾಯಿ ಕಟ್ಟಲ್ಲ. ಕೊರೆ ಗಡಿಗೆಗೆ ಬಾಯಿ ಕಟ್ಟಿದ್ರೆ ಆ ಮನೆ ಹೆಣ್ಣುಮಗಳ ಕೈಗೆ ಮಾತು ಬರ್ತೈತೆ. ಇಷ್ಟು ಜನದ ಮುಂದೆ ನಿನ್ನ ಕೆಲ್ಸ ಕೊರೆ ಬೀಳಬಾರ್ದು ಅಂತ ಡಬ್ಬಿ ತಗಂಡು ಹುಯ್ದೆ.”

ಪಿಂಚಣಿದಾರರು ಮತ್ತೆ ನಗಲು ಹೊರಟರು. ಜುಂಜಣ್ಣನ ಮುಖ ನೋಡಿ ಸುಮ್ಮನಾದರು. ಇಷ್ಟು ವರ್ಷ ಫಿರಂಗಿಯ ಹೆಸರೆತ್ತಲೂ ಬಿಡದ ಹೆಂಗಸು ಇಂದು ತಾನಾಗಿ ಎದ್ದುಹೋಗಿ ಅದಕ್ಕೆ ಎಣ್ಣೆ ಹಾಕಿದ್ದಳು. ಅವನು ಈಗ ಒಂದು ಸಿಡುಕಿನ ಮಾತಾಡಿದ್ದರೂ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

“ನೋಡದೇ ಬಿರಡೆ ಹಾಕಿದ್ದು ನಾನು. ತಪ್ಪು ನಂದು” ಎಂದ ಜುಂಜಣ್ಣ. “ಓಬಯ್ಯ, ಜಗ್ಗು.”

ನಾನು ಸರಪಣಿ ಜಗ್ಗಿದೆ. ನಳಿಗೆ ಮತ್ತೆ ಹಿಂದೆ ಬಂದು, ಸ್ಪ್ರಿಂಗಿನ ಭಾರವೆಲ್ಲ ಪುಲ್ಲಿಯ ಮೇಲೆ ಬಿತ್ತು. ಅವನು ಸರಪಣಿಯನ್ನು ಕಟ್ಟಿ ಭದ್ರ ಮಾಡಿ, ಪಕ್ಕದಿಂದ ಕೈ ಚಾಚಿ ಬಿರಡೆಯನ್ನು ಕಾಲು ಸುತ್ತು ತಿರುಗಿಸಿ, ಕಾದು, ಮತ್ತೆ ತಿರುಗಿಸಿ ತೆಗೆದ. ಎಣ್ಣೆ ತುಳುಕಿತು, ಚಿಮ್ಮಲಿಲ್ಲ. ತನ್ನ ಚೀಲದಿಂದ ಹಿತ್ತಾಳೆಯ ಪಿಚಕಾರಿ ತೆಗೆದು ಹೆಂಡತಿಯ ಕೈಗೆ ಕೊಟ್ಟ.

“ನೀನೇ ತೆಗಿ.”

“ನಂಗೇನು ಗೊತ್ತು?”

“ಕೈ ತೊಳ್ಕಂಡು ಬಾ, ಹೇಳ್ತೀನಿ.”

ಅವಳು ನಲ್ಲಿಯ ಹತ್ತಿರ ಹೋಗಿ ತೊಳೆದುಕೊಂಡು ಬಂದಳು. ಅವನು ಬಿರಡೆಯ ತೂತಿಗೆ ಪಿಚಕಾರಿ ಇಳಿಸಿ ಎಳೆಯುವುದನ್ನು ತೋರಿಸಿದ. ಅವಳು ಎಳೆದು ಡಬ್ಬಿಗೆ ಬಿಡುತ್ತ ಹೋದಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳತೊಡಗಿದ.

“ನಳಿಗೆ ಹಿಂದಕ್ಕೆ ಬಂದಾಗ ಒಳಗಿನ ರಾಡು ಆಚೆ ಹೋಗಿರ್ತೈತೆ. ಅದಕ್ಕೇ ನಿಂಗೆ ಬರಿದಾಗಿ ಕಂಡಿದ್ದು. ನಳಿಗೆ ತನ್ನ ಜಾಗಕ್ಕೆ ಹೋಗೋವಾಗ ಆ ರಾಡು ಮತ್ತೆ ಎಣ್ಣೆ ಒಳಗೆ ಬರಬೇಕು. ಕಂಠಮಟ ತುಂಬಿ ಬಾಯಿ ಕಟ್ಟಿದ ಗಡಿಗೆ ಒಳಗೆ ಸೌಟು ಇಳಿಸು ಅಂದ್ರೆ ಎಲ್ಲಿ ಇಳಿಸ್ತೀಯ? ಎಣ್ಣೆ ಜಾಗ ಬಿಡ್ಲಿಲ್ಲ, ರಾಡು ಬರ್ಲಿಲ್ಲ, ನಳಿಗೆ ಅಲ್ಲೇ ನಿಂತ್ಕಂತು.”

ಅವಳು ಪಿಚಕಾರಿ ನಿಲ್ಲಿಸಲಿಲ್ಲ. ಎದ್ದು ಹೋಗಲೂ ಇಲ್ಲ. ಜುಂಜಣ್ಣ ಮತ್ತೆ ಶುರುಮಾಡಿದಾಗ ಅವನ ದನಿ ಬೇರೆಯಾಗಿತ್ತು.

“ಅವತ್ತು ಬೆಳಗಿನಿಂದ ಬಿಡುವಿಲ್ದಂಗೆ ಹೊಡೀತಿದ್ರು. ಬಿಸಿಗೆ ಎಣ್ಣೆ ಉಬ್ಬಿ ಹಿಂಗೇ ಆಗಿತ್ತು. ಒಂದೊಂದು ನಳಿಗೆನೂ ಹೊಡೆದ ಮ್ಯಾಲೆ ವಾಪಸ್ ಬರದೇ ಅರ್ಧಕ್ಕೇ ನಿಲ್ತಿತ್ತು. ಹಂಗೇ ಇನ್ನೊಂದು ಗುಂಡು ಹೊಡೆದ್ರೆ ಫಿರಂಗಿ ಒಡೀತೈತೆ, ಪಕ್ಕದಲ್ಲಿದ್ದೋರು ಉಳಿಯಲ್ಲ. ಹೊಡೀದೇ ಬಿಟ್ರೆ ಮುಂದಿದ್ದ ನಮ್ಮೋರು ಉಳಿಯಲ್ಲ. ಅಲ್ಲಿ ಈ ಕೆಲ್ಸ ಬಲ್ಲೋನು ನಾನೊಬ್ನೇ ಉಳಿದಿದ್ದೆ. ಸಾಹೇಬ್ರು ಬಂದು ಕೂಸಿನ ಸುದ್ದಿ ಹೇಳಿ, ಹೋಗ್ತೀಯ ಅಂತ ಕೇಳಿದ್ರು. ಈಗ ಆಗಲ್ಲ ಅಂದೆ. ಈ ಪಿಚಕಾರಿ ಕೈಯಾಗೇ ಇತ್ತು. ಒಂದು ಫಿರಂಗಿ ಎಣ್ಣೆ ತೆಗೆದು ಇನ್ನೊಂದಕ್ಕೆ ಓಡ್ತಿದ್ದೆ. ಅಳ್ತಾನೇ ಓಡ್ತಿದ್ದೆ ಪಾಲಮ್ಮ.”

 ಹನುಮಂತಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪಾಲಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿ, “ನಾನು ಹುಯ್ದಿದ್ದು ಇಷ್ಟೇ. ಸಾಕಾ?” ಎಂದಳು.

“ಇನ್ನೊಂದು ಎಳಿ. ಬಿಸಿಲಿಗೂ ಒಂದೀಟು ಜಾಗ ಇರ್ಲಿ.”

ಅವಳು ಇನ್ನೊಂದು ಎಳೆದಳು. ಜುಂಜಣ್ಣ ಒಳಗೆ ಕಡ್ಡಿ ಇಳಿಸಿ ಎಣ್ಣೆಯ ಮಟ್ಟ ನೋಡಿದ, ಈ ಸಲ ಮತ್ತೊಮ್ಮೆ ನೋಡಿದ, ಬಿರಡೆ ಬಿಗಿದ. ನಾನು ಸರಪಣಿಯನ್ನು ಒಂದೊಂದೇ ಕೊಂಡಿಯಾಗಿ ಬಿಡುತ್ತ ಬಂದೆ. ಆ ಭಾರದ ನಳಿಗೆ ಮುಂದಕ್ಕೆ ಜಾರಿತು. ಕಡೆಗೆ ಒಂದು ಗೇಣು ಉಳಿದಾಗ, ನಾನು ಸರಪಣಿ ಪೂರ್ತಿ ಬಿಟ್ಟಿದ್ದರೂ ಅದು ತಾನೇ ವೇಗ ತಗ್ಗಿಸಿಕೊಂಡು, ಸದ್ದಿಲ್ಲದೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಗಾಲಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಲೇತ್ ಮುಂದೆ ಆಯುಷ್ಯ ಕಳೆದವನು ನಾನು. ಅಷ್ಟು ಚೆಂದದ ಚಲನೆಯನ್ನು ಕಬ್ಬಿಣದಲ್ಲಿ ಎಂದೂ ಕಂಡಿರಲಿಲ್ಲ. ಶಿವಕುಮಾರಪ್ಪನವರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಪಾಲಮ್ಮನ ಬಸ್ಸಿನ ಹೊತ್ತಾಗಿತ್ತು. ಜುಂಜಣ್ಣ ಅವಳ ಬುತ್ತಿಯ ಗಂಟು ಎತ್ತಿಕೊಂಡು, “ಹೋಗಾಣ ನಡಿ, ಬಸ್ ತಪ್ತೈತೆ” ಎಂದ. ಅವಳು ಕದಲಲಿಲ್ಲ.

“ನಾನು ನೋಡ್ಲಿಲ್ಲ” ಎಂದಳು.

ಜುಂಜಣ್ಣ ನಿಂತುಬಿಟ್ಟ. 

“ಅದು ಮುಂದಕ್ಕೆ ಹೋಗೋವಾಗ ನಾನು ನಿನ್ನ ಮುಖಾನೇ ನೋಡ್ತಾ ನಿಂತಿದ್ದೆ. ಅದನ್ನ ನೋಡ್ಲೇ ಇಲ್ಲ. ಬಸ್ಸು ಹೋದ್ರೆ ಹೋಗ್ಲಿ” ಎಂದಳು ಪಾಲಮ್ಮ. “ಇನ್ನೊಂದು ಸಾರಿ ಮಾಡಿ ತೋರ್ಸು.”

ಜುಂಜಣ್ಣ ಸರಪಣಿಗೆ ಕೈ ಹಾಕಿದ, ಆದರೆ ಕಣ್ಣು ತುಂಬಿ ಅವನಿಗೆ ಕೊಕ್ಕೆಯೇ ಕಾಣಲಿಲ್ಲ. ನಾನು ಅವನನ್ನು ಪಕ್ಕಕ್ಕೆ ಸರಿಸಿ, ತೋಳು ಮೇಲೇರಿಸಿಕೊಂಡು, ನಳಿಗೆಯನ್ನು ಹಿಂದಕ್ಕೆ ಎಳೆಯತೊಡಗಿದೆ.